800 ಮೆಗಾಹರ್ಟ್ಸ್‌ಗೆ ಅಂಟಿಕೊಂಡಿದ್ದ ಲ್ಯಾಪ್‌ಟಾಪ್: ಉಚಿತ ಟೂಲುಗಳ ಜೊತೆ ಒಂದು ರಿಪೇರಿ ಲಾಗ್

ಯಂತ್ರ: 14 ಇಂಚಿನ ಆಫೀಸ್ ಲ್ಯಾಪ್‌ಟಾಪ್, ಇಂಟೆಲ್ ಕೋರ್ ಐ5-8250ಯು, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 11.

ದೂರು: ಆನ್ ಮಾಡಿದ ಮೇಲೆ ಕೈಗೆ ಸಿಗಲು ಆರೇಳು ನಿಮಿಷ ಬೇಕು. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಹ್ಯಾಂಗ್. ಬ್ಯಾಟರಿ ಚಾರ್ಜ್ ಏರುವುದಿಲ್ಲ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದ್ದಾಗಿದೆ, ಅದರಿಂದ ಏನೂ ಬದಲಾಗಿಲ್ಲ.

ಇಂಥ ಯಂತ್ರಕ್ಕೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದಿಡೀ ಸಂಜೆ ಮಾಹಿತಿ ಟೂಲುಗಳಿಗೆ ಕೊಡಬೇಕು. ಟೂಲುಗಳಿಗೇನೂ ಬರವಿಲ್ಲ. ತೊಂದರೆ ಬರುವುದು ಅವು ತೋರಿಸುವ ಅಂಕಿಗಳನ್ನೆಲ್ಲ ಒಂದೇ ತೂಕದಲ್ಲಿ ನಂಬಿದಾಗ. ಸಿಪಿಯು-ಝಡ್ ಪ್ರೊಸೆಸರಿನ ಹೆಸರು, ವೇಗ ಹೇಳುವಾಗ ಚಿಪ್ಪನ್ನೇ ಕೇಳಿ ಹೇಳುತ್ತದೆ. ಲಿನಕ್ಸಿನ ಡಿಎಂಐಡಿಕೋಡ್ ಮದರ್‌ಬೋರ್ಡಿನ ಬಗ್ಗೆ ಹೇಳುವುದು ಬಯಾಸ್ (ಯಂತ್ರ ಆನ್ ಆದಕೂಡಲೇ ಓಡುವ ಬೋರ್ಡಿನ ತಂತ್ರಾಂಶ) ಬರೆದಿಟ್ಟ ಪಟ್ಟಿಯನ್ನು ಓದಿ. ಡಿಸ್ಕಿನ ಆರೋಗ್ಯದ ಲೆಕ್ಕ ಡಿಸ್ಕೇ ತನ್ನ ಬಗ್ಗೆ ಬರೆದುಕೊಂಡ ಡೈರಿ. ಬ್ಯಾಟರಿಯ ಸಾಮರ್ಥ್ಯವಂತೂ ಬ್ಯಾಟರಿಯೊಳಗಿನ ಚಿಪ್ಪಿನ ಅಂದಾಜು. ಯಾರನ್ನು ಕೇಳಿ ಹೇಳುತ್ತಿದೆ ಎಂದು ಗೊತ್ತಿದ್ದರೆ ಎಷ್ಟು ನಂಬಬೇಕು ಎಂಬುದೂ ಗೊತ್ತಾಗುತ್ತದೆ.

ಪೆನ್‌ಡ್ರೈವಿನಲ್ಲಿ ಏನೇನು ಇರಬೇಕು

ವಿಂಡೋಸ್ ಕಡೆಗೆ ನಾಲ್ಕು ಸಾಕು: ಸಿಪಿಯು-ಝಡ್, ತಾಪದಂಥ ಸೆನ್ಸರ್ ಅಂಕಿಗಳಿಗೆ ಎಚ್‌ಡಬ್ಲ್ಯುಇನ್ಫೋ, ಡಿಸ್ಕಿನ ಆರೋಗ್ಯಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಪ್ರೊಸೆಸರಿನ ವೇಗಕ್ಕೆ ಬಿದ್ದ ಕಡಿವಾಣ ನೋಡಲು ಥ್ರಾಟಲ್‌ಸ್ಟಾಪ್. ನಾಲ್ಕೂ ಇನ್‌ಸ್ಟಾಲ್ ಬೇಡದ ಜಿಪ್ ರೂಪದಲ್ಲಿ ಸಿಗುತ್ತವೆ, ಅದನ್ನೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲುಗಡೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ, ತಯಾರಕರ ಸ್ವಂತ ತಾಣಕ್ಕೇ ಹೋಗಿ. ಇವುಗಳಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮಾತ್ರ ಮೂಲ ಕೋಡ್ ಸಮೇತ ಸಿಗುವ ಮುಕ್ತ ತಂತ್ರಾಂಶ, ಮಿಕ್ಕವು ಬರೀ ಪುಕ್ಕಟೆ. ಎಚ್‌ಡಬ್ಲ್ಯುಇನ್ಫೋ ಮನೆಬಳಕೆಗೆ ಮಾತ್ರ ಪುಕ್ಕಟೆ, ಅಂಗಡಿಯ ಬೆಂಚಿನ ಮೇಲೆ ದಿನಾ ಓಡಿಸುವವರು ಲೈಸೆನ್ಸ್ ಕೊಳ್ಳಬೇಕು. ಮುಕ್ತ ತಂತ್ರಾಂಶವೇ ಬೇಕು ಅನ್ನುವವರಿಗೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಇದೆ.

ಈ ಕೊನೆಯದರ ವಿಷಯದಲ್ಲಿ ಒಂದು ಮಾತು. 2025ರ ಮಾರ್ಚಿನಿಂದ ವಿಂಡೋಸ್ ಡಿಫೆಂಡರ್ ‘ವಿನ್‌ರಿಂಗ್0’ ಎಂಬ ಡ್ರೈವರನ್ನು ಕಂಡಕೂಡಲೇ ಕೆಂಪು ಬಾವುಟ ಹಾರಿಸುತ್ತಿದೆ. ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಸೇರಿದಂತೆ ತಾಪಮಾನ ಓದುವ, ಫ್ಯಾನ್ ನಿಯಂತ್ರಿಸುವ ಹಲವು ಟೂಲುಗಳ ಹಳೆಯ ಆವೃತ್ತಿಗಳು ಇದೇ ಡ್ರೈವರನ್ನು ನೆಚ್ಚಿಕೊಂಡಿದ್ದವು. ಅದು ವೈರಸ್ ಅಲ್ಲ. ಆದರೆ ಯಾವ ಪ್ರೋಗ್ರಾಮ್ ಬೇಕಾದರೂ ಅದರ ಮೂಲಕ ವಿಂಡೋಸಿನ ತಿರುಳಾದ ಕರ್ನಲ್ಲಿನೊಳಗೆ ಕೈಹಾಕಬಹುದಾದ ತೂತು ಅದರಲ್ಲಿದೆ, ಆದ್ದರಿಂದ ಎಚ್ಚರಿಕೆ ಸುಳ್ಳೇನಲ್ಲ. ಡಿಫೆಂಡರನ್ನು ಆಫ್ ಮಾಡುವ ಬದಲು ಟೂಲಿನ ಹೊಸ ಆವೃತ್ತಿ ಹಾಕಿಕೊಳ್ಳಿ.

ಇನ್ನೊಂದು ಪೆನ್‌ಡ್ರೈವಿಗೆ ಸಿಸ್ಟಮ್‌ರೆಸ್ಕ್ಯೂ. ಇದು ಲೈವ್ ಲಿನಕ್ಸ್, ಅಂದರೆ ಪೆನ್‌ಡ್ರೈವಿನಿಂದಲೇ ಓಡುವಂಥದ್ದು. ಡಿಸ್ಕಿನ ಆರೋಗ್ಯ ಓದುವ ಸ್ಮಾರ್ಟ್‌ಸಿಟಿಎಲ್, ಕೆಟ್ಟ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ, ಡಿಎಂಐಡಿಕೋಡ್, ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಲ್ಲವೂ ಒಳಗೇ ಇವೆ.

ಪೆನ್‌ಡ್ರೈವಿನಿಂದ ಬೂಟ್ ಮಾಡಲು ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಬಯಾಸ್ ಕಾವಲು) ಆಫ್ ಮಾಡಬೇಕಾಗಿ ಬಂದರೆ ಮೊದಲು ಡಿಸ್ಕಿನ ಬೀಗವಾದ ಬಿಟ್‌ಲಾಕರ್ ನೋಡಿಕೊಳ್ಳಿ. ವಿಂಡೋಸ್ 11 ಎಷ್ಟೋ ಯಂತ್ರಗಳಲ್ಲಿ ಯಾರನ್ನೂ ಕೇಳದೆ ಡಿಸ್ಕಿಗೆ ಬೀಗ ಹಾಕಿಟ್ಟಿರುತ್ತದೆ. ಸೆಕ್ಯೂರ್ ಬೂಟ್ ಮುಟ್ಟಿದ ಮರುಬೂಟಿನಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದು ಇಲ್ಲದಿದ್ದರೆ ಡೇಟಾ ಹೋದ ಹಾಗೆಯೇ. ಅಡ್ಮಿನ್ ಕಮಾಂಡ್ ಕಿಟಕಿಯಲ್ಲಿ ‘ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಗೆಟ್ ಸಿ:’ ಕೊಟ್ಟು ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಕೆಲಸ.

ಮೊದಲು ಡಿಸ್ಕ್, ಆಮೇಲೆ ಉಳಿದದ್ದು

ಬೇರೆ ಯಾವ ಪರೀಕ್ಷೆಯೂ ಡಿಸ್ಕಿಗಿಂತ ಮುಂಚೆ ಬೇಡ. ಸಾಯುತ್ತಿರುವ ಡಿಸ್ಕಿನ ಮೇಲೆ ಒಂದೊಂದು ಬೂಟೂ ಒಂದೊಂದು ಏಟು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದಾಗ ಹಳದಿ ಬಣ್ಣ, ‘ಕಾಶನ್’. ಕೆಳಗಿನ ಪಟ್ಟಿಯ ಕೊನೆಯ ಕಾಲಂನಲ್ಲಿ ಅಂಕಿಗಳು ಹೆಕ್ಸಾಡೆಸಿಮಲ್ಲಿನಲ್ಲಿ (16ರ ಲೆಕ್ಕದಲ್ಲಿ) ಇರುತ್ತವೆ. ಹೊಸಬರು ಎಡವುವುದು ಇಲ್ಲೇ. ಪವರ್-ಆನ್ ಅವರ್ಸ್ ಎದುರು ‘32ಸಿ8’ ಎಂದಿತ್ತು, ಅಂದರೆ 13,000 ಗಂಟೆ. ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಎಂಬಲ್ಲಿ ದಶಮಾಂಶ ಆಯ್ದುಕೊಂಡರೆ ಈ ತಲೆನೋವು ಇಲ್ಲ.

ನೋಡಬೇಕಾದ ಸಾಲು ನಾಲ್ಕೇ. 05 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು (ಡೇಟಾ ಬರೆಯುವ ಚಿಕ್ಕ ತುಂಡುಗಳು), ಸಿ5 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು, ಸಿ6 ಅಂದರೆ ಸರಿಪಡಿಸಲಾಗದವು. ಸಿ7 ಡಿಸ್ಕಿನದಲ್ಲ, ಕೇಬಲ್ಲಿನ ದೂರು. ಅದು ಏರುತ್ತಿದ್ದರೆ ಡಿಸ್ಕ್ ಎಸೆಯುವ ಮೊದಲು ಕನೆಕ್ಟರ್ ಬಿಚ್ಚಿ ಮತ್ತೆ ಒತ್ತಿ ಕೂರಿಸಿ. ಈ ಯಂತ್ರದಲ್ಲಿ 05 ಸೊನ್ನೆ, ಸಿ7 ಸೊನ್ನೆ, ಸಿ5 ಮಾತ್ರ 24.

05 ಸೊನ್ನೆ ಇದೆಯಲ್ಲ ಎಂದು ಸಮಾಧಾನ ಪಡುವ ಹಾಗಿಲ್ಲ. ಓದಲಾಗದ ಸೆಕ್ಟರ್ ಮೇಲೆ ಏನಾದರೂ ಹೊಸದಾಗಿ ಬರೆಯುವವರೆಗೂ ಡಿಸ್ಕ್ ಅದನ್ನು ಬದಲಿಸುವುದಿಲ್ಲ, ಸಿ5ರಲ್ಲೇ ಇಟ್ಟುಕೊಂಡಿರುತ್ತದೆ. ಬರೆದಾಗ ಸರಿಹೋದರೆ ಸಿ5 ಇಳಿಯುತ್ತದೆ, ಇಲ್ಲವಾದರೆ 05 ಏರುತ್ತದೆ. ಎರಡರಲ್ಲೂ ಅಲ್ಲಿದ್ದ ಹಳೆಯ ಡೇಟಾ ಹೋಗುತ್ತದೆ. ಆದ್ದರಿಂದಲೇ ಈ ಹಂತದಲ್ಲಿ ಕೆಟ್ಟ ಸೆಕ್ಟರ್ ಹುಡುಕಿ ಸರಿಪಡಿಸಲು ಹೊರಡುವ ವಿಂಡೋಸ್ ಕಮಾಂಡ್ ‘ಚೆಕ್‌ಡಿಸ್ಕ್ /ಆರ್’ ಓಡಿಸಬಾರದು. ಮೊದಲು ನಕಲು, ಆಮೇಲೆ ಚಿಕಿತ್ಸೆ.

ನಕಲಿಗೆ ಸಿಸ್ಟಮ್‌ರೆಸ್ಕ್ಯೂನಿಂದ ಬೂಟ್ ಮಾಡಿ, 2 ಟಿಬಿ ಹೊರಗಿನ ಡಿಸ್ಕನ್ನು ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ ಡಿಡಿರೆಸ್ಕ್ಯೂ. ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ಯಾವುದು ಯಾವ ಡಿಸ್ಕ್ ಎಂದು ಮಾಡೆಲ್ ಹೆಸರು, ಗಾತ್ರ ಎರಡನ್ನೂ ನೋಡಿ ಖಚಿತ ಮಾಡಿಕೊಳ್ಳಿ. ಮೂಲವೂ ಗುರಿಯೂ ಅದಲುಬದಲಾದರೆ ಖಾಲಿ ಡಿಸ್ಕನ್ನು ಡೇಟಾದ ಮೇಲೆ ಬರೆದ ಹಾಗಾಗುತ್ತದೆ. ಮೊದಲ ಸುತ್ತು ‘-ಡಿ -ಎನ್’ ಜೊತೆ: ಕೆಟ್ಟ ಜಾಗದಲ್ಲಿ ತಡಕಾಡದೆ ಒಳ್ಳೆಯದನ್ನೆಲ್ಲ ಬಾಚಿಕೊಳ್ಳಲಿ. ಎರಡನೆಯದು ‘-ಡಿ -ಆರ್3’: ಉಳಿದದ್ದನ್ನು ಮೂರು ಸಲ ಪ್ರಯತ್ನಿಸಲಿ. ಎರಡರಲ್ಲೂ ಕೊನೆಯಲ್ಲಿ ಅದೇ ಮ್ಯಾಪ್ ಫೈಲ್ (ಎಲ್ಲಿಯವರೆಗೆ ನಕಲಾಗಿದೆ ಎಂಬ ದಾಖಲೆ) ಹೆಸರು ಕೊಡಲೇಬೇಕು. ಅದಿಲ್ಲದೆ ಓಡಿಸಿ ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಮೊದಲ ಸುತ್ತು ಮೂರೂವರೆ ಗಂಟೆ ಹಿಡಿಯಿತು, ಬಾಕಿ ಉಳಿದದ್ದು 12,288 ಬೈಟ್. 512ರಿಂದ ಭಾಗಿಸಿ ನೋಡಿ: ಸರಿಯಾಗಿ 24. ಡಿಸ್ಕಿನ ಡೈರಿಯೂ ಹೊರಗಿನ ಓದೂ ತಾಳೆಯಾದವು. ಡಿಸ್ಕಿನೊಳಗೆ ನಿಜವಾದ ಸೆಕ್ಟರ್ 4,096 ಬೈಟಿನದು, ಹೊರಗೆ ತೋರಿಸುವುದು 512ರ ಎಂಟು ತುಂಡು. ಹಾಗಾಗಿ ಇಂಥ ಡಿಸ್ಕುಗಳಲ್ಲಿ ಸಿ5 ಆಗಾಗ್ಗೆ ಎಂಟರ ಮಗ್ಗಿಯಲ್ಲಿ ಏರುತ್ತದೆ. 24 ಎಂದರೆ ನಿಜದಲ್ಲಿ ಮೂರು ಜಾಗ. ಎರಡನೆಯ ಸುತ್ತಿನಲ್ಲಿ ಒಂದು ಜಾಗ ಓದಿಗೆ ಸಿಕ್ಕಿತು, 8,192 ಬೈಟ್ ಹೋಯಿತು.

ಡಿಸ್ಕ್ ಅಲ್ಲ, ಇನ್ನೇನೋ ಇದೆ

ಈ ನಕಲಿನ ಹೊತ್ತಿಗೇ ಒಂದು ಸುಳಿವು ಸಿಕ್ಕಿತು. ಸಿಸ್ಟಮ್‌ರೆಸ್ಕ್ಯೂ ಒಳಗಿನ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದ ಬೂಟ್ ಆಗುತ್ತದೆ. ಆದರೂ ಡೆಸ್ಕ್‌ಟಾಪ್ ತೆರೆಯಲು ತೆವಳಿತು. ಹಾರ್ಡ್ ಡಿಸ್ಕ್ ಕೆಟ್ಟಿದ್ದು ಖರೆ, ಆದರೆ ನಿಧಾನಕ್ಕೆ ಅದೊಂದೇ ಕಾರಣವಾಗಿರಲಿಲ್ಲ. ವಿಂಡೋಸಂತೂ ಅಲ್ಲವೇ ಅಲ್ಲ.

ವಿಂಡೋಸಿಗೆ ಮರಳಿ ಸಿಪಿಯು-ಝಡ್ ತೆರೆದಾಗ: ಕೋರ್ ಸ್ಪೀಡ್ 798 ಮೆಗಾಹರ್ಟ್ಸ್, ಮಲ್ಟಿಪ್ಲಯರ್ 8, ಬಸ್ 99.77 (ಇವೆರಡರ ಗುಣಾಕಾರವೇ ಆ ವೇಗ). ಖಾಲಿ ಕೂತ ಪ್ರೊಸೆಸರ್ 800ಕ್ಕೆ ಇಳಿಯುವುದು ಸಹಜ, ಅದು ರೋಗವಲ್ಲ. ಕೆಲಸ ಕೊಟ್ಟು ನೋಡಬೇಕು. ಫೈಲ್ ಕುಗ್ಗಿಸುವ 7-ಜಿಪ್‌ನ ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ಇದೆ, ಇದಕ್ಕೆಂದೇ ಬೇರೆ ಟೂಲ್ ಇಳಿಸಬೇಕಿಲ್ಲ. ಎಂಟೂ ತ್ರೆಡ್ ಓಡಿಸಿದರೂ ಮುಳ್ಳು 798ರಲ್ಲೇ. ಈ ಪ್ರೊಸೆಸರಿನ ಮೂಲ ವೇಗ 1.6 ಗಿಗಾಹರ್ಟ್ಸ್, ಟರ್ಬೋ 3.4. ಮೂಲ ವೇಗದ ಅರ್ಧಕ್ಕೆ ಅದನ್ನು ಯಾರೋ ಕಟ್ಟಿಹಾಕಿದ್ದರು.

ಎಚ್‌ಡಬ್ಲ್ಯುಇನ್ಫೋವನ್ನು ‘ಸೆನ್ಸರ್ಸ್ ಓನ್ಲಿ’ ಟಿಕ್ ಮಾಡಿ ತೆರೆಯಿರಿ. ಪೂರ್ತಿ ಹೊರೆಯಲ್ಲೂ ತಾಪ 46 ಡಿಗ್ರಿ. ಬಿಸಿಯಾಗಿ ನಿಧಾನವಾದರೆ ತಾಪ 95ರ ಆಸುಪಾಸಿನಲ್ಲಿರಬೇಕಿತ್ತು. ತಣ್ಣಗಿದ್ದೂ ನಿಧಾನ ಎಂದರೆ ಹೊರಗಿನಿಂದ ಯಾರೋ ಬ್ರೇಕ್ ಒತ್ತಿದ್ದಾರೆ ಎಂದೇ ಅರ್ಥ. ಥ್ರಾಟಲ್‌ಸ್ಟಾಪ್‌ನ ಲಿಮಿಟ್ಸ್ ಕಿಟಕಿಯಲ್ಲಿ ‘ಪ್ರೊಕ್‌ಹಾಟ್’ ಕೆಂಪಗೆ ಉರಿಯುತ್ತಿತ್ತು. ‘ಬಿಡಿ ಪ್ರೊಕ್‌ಹಾಟ್’ ಎನ್ನುವುದು ಮದರ್‌ಬೋರ್ಡ್ ಕಡೆಯಿಂದ ಪ್ರೊಸೆಸರಿಗೆ ಬರುವ ಒಂದು ತಂತಿ. ‘ಬಿಸಿಯಾಗಿದೆ, ನಿಧಾನಿಸು’ ಎಂದು ಹೇಳಲು ಇಟ್ಟದ್ದು. ಪ್ರೊಸೆಸರ್ ಮರುಪ್ರಶ್ನೆ ಕೇಳದೆ ಪಾಲಿಸುತ್ತದೆ. ಆದರೆ ಬೋರ್ಡ್ ಈ ತಂತಿ ಎಳೆಯುವುದು ಬಿಸಿಗೆ ಮಾತ್ರ ಅಲ್ಲ. ಚಾರ್ಜರ್ ಎಷ್ಟು ವ್ಯಾಟಿನದು ಎಂದು ಗುರುತು ಸಿಗದಿದ್ದರೂ ಎಷ್ಟೋ ಲ್ಯಾಪ್‌ಟಾಪುಗಳು ಎಳೆಯುತ್ತವೆ.

ಖಾತ್ರಿಗೆ ಖರ್ಚಿಲ್ಲದ ಪರೀಕ್ಷೆ: ಬೆಂಚ್‌ಮಾರ್ಕ್ ಓಡುತ್ತಿರುವಾಗಲೇ ಚಾರ್ಜರ್ ಕೀಳಿ. ಬ್ಯಾಟರಿಯಲ್ಲಿ ಶೇ. 31 ಉಳಿದಿತ್ತು. ಕಿತ್ತ ತಕ್ಷಣ ವೇಗ 2.8 ಗಿಗಾಹರ್ಟ್ಸ್‌ಗೆ ಜಿಗಿಯಿತು, ಮತ್ತೆ ಚುಚ್ಚಿದಾಗ 798. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ವಿಂಡೋಸ್ ಎರಡು ಸಲ ಹಾಕಿಸಿದ್ದು ಇದಕ್ಕೆ.

ಚಾರ್ಜರ್ 19.5 ವೋಲ್ಟ್, 3.34 ಆಂಪಿಯರ್, 65 ವ್ಯಾಟ್. 4.5 ಮಿ.ಮೀ. ಪ್ಲಗ್, ನಡುವೆ ಸೂಜಿಯಂಥ ಪಿನ್. ಮಲ್ಟಿಮೀಟರ್ ಇಟ್ಟರೆ ಹೊರ ಲೋಹಕ್ಕೂ ಒಳ ಲೋಹಕ್ಕೂ 19.5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಆದರೆ ಆ ನಡುವಿನ ಪಿನ್ನಿನ ಕೆಲಸ ಕರೆಂಟ್ ಕೊಡುವುದಲ್ಲ, ‘ನಾನು 65 ವ್ಯಾಟಿನವನು’ ಎಂದು ಗುರುತು ಹೇಳುವುದು. ಅದಕ್ಕೆ ಹೋಗುವ ಕೂದಲಿನಂಥ ತಂತಿ ಪ್ಲಗ್ಗಿನ ಕುತ್ತಿಗೆಯ ಹತ್ತಿರ, ಕೇಬಲ್ ದಿನಾ ಮಡಚುವ ಜಾಗದಲ್ಲೇ ತುಂಡಾಗಿತ್ತು. ದಪ್ಪ ತಂತಿಗಳೆರಡೂ ಗಟ್ಟಿ. ಹಾಗಾಗಿ ಚಾರ್ಜರಿನ ದೀಪ ಉರಿಯುತ್ತಿತ್ತು, ಯಂತ್ರ ಓಡುತ್ತಿತ್ತು, ಬ್ಯಾಟರಿಗೆ ಮಾತ್ರ ಚಾರ್ಜ್ ಏರುತ್ತಿರಲಿಲ್ಲ. ಎರಡು ದೂರಿನ ಹಿಂದೆ ಇದ್ದದ್ದು ಒಂದೇ ತಂತಿ.

ಥ್ರಾಟಲ್‌ಸ್ಟಾಪ್‌ನಲ್ಲಿ ‘ಬಿಡಿ ಪ್ರೊಕ್‌ಹಾಟ್’ ಟಿಕ್ ತೆಗೆದರೆ ವೇಗ ಮರಳುತ್ತದೆ. ಪರೀಕ್ಷೆಗೆ ಅಡ್ಡಿಯಿಲ್ಲ, ಕಾಯಂ ಮದ್ದಾಗಿ ಬೇಡ. ರೀಬೂಟ್ ಮಾಡಿದರೆ ಹೋಗುತ್ತದೆ, ಬ್ಯಾಟರಿ ಹೇಗೂ ಚಾರ್ಜ್ ಆಗುವುದಿಲ್ಲ, ಬೋರ್ಡ್ ನಿಜಕ್ಕೂ ಬಿಸಿಯಾದಾಗ ಎಚ್ಚರಿಸುವ ಕಾವಲೂ ಕಳಚುತ್ತದೆ. ಅದೇ ವೋಲ್ಟ್, ಅದೇ ವ್ಯಾಟ್, ಗುರುತಿನ ಪಿನ್ ಇರುವ ಹೊಸ ಚಾರ್ಜರ್ ಹಾಕಿದ ಮೇಲೆ ಬಯಾಸಿನ ಅಡಾಪ್ಟರ್ ಸಾಲಿನಲ್ಲಿ ‘65 ವ್ಯಾಟ್’ ಬಂತು. ಹೊಸ ಚಾರ್ಜರಿಗೂ ಗುರುತು ಬರದಿದ್ದರೆ ಲ್ಯಾಪ್‌ಟಾಪಿನ ಒಳಗಿನ ಜ್ಯಾಕ್ ನೋಡಬೇಕು. ಪಿನ್ ಕೂರುವ ತೂತು ಅಗಲವಾದರೂ ಇದೇ ಲಕ್ಷಣ.

ರ್‍ಯಾಮ್

ಸಿಪಿಯು-ಝಡ್‌ನ ಮೆಮೊರಿ ಟ್ಯಾಬಿನಲ್ಲಿ ‘ಸಿಂಗಲ್’ ಚಾನೆಲ್ (ಪ್ರೊಸೆಸರಿಗೂ ರ್‍ಯಾಮಿಗೂ ನಡುವೆ ಒಂದೇ ದಾರಿ), ಡಿರ್‍ಯಾಮ್ ಫ್ರೀಕ್ವೆನ್ಸಿ 1197. ‘2400 ಅಂತ ಕೊಟ್ಟು 1200ರದ್ದು ಹಾಕಿದ್ದಾರೆ’ ಎಂಬ ಜಗಳ ಇಲ್ಲೇ ಹುಟ್ಟುವುದು. ಡಿಡಿಆರ್ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತದೆ. 1197ರ ಎರಡರಷ್ಟು 2394, ಅಂದರೆ ಹೆಚ್ಚುಕಡಿಮೆ 2400, ಮೋಸವೇನಿಲ್ಲ.

ಎಸ್‌ಪಿಡಿ ಟ್ಯಾಬ್ ರ್‍ಯಾಮಿನ ಮೇಲಿರುವ ಪುಟ್ಟ ಚಿಪ್ಪನ್ನು ಓದುತ್ತದೆ: ತಯಾರಕರು, ಪಾರ್ಟ್ ನಂಬರ್, ಕೆಲವದರಲ್ಲಿ ತಯಾರಾದ ವಾರವೂ ವರ್ಷವೂ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿ ಸ್ಟಿಕ್ ಕೊಳ್ಳುವವರು ಅಲ್ಲೇ ಒಂದು ಲ್ಯಾಪ್‌ಟಾಪಿಗೆ ಹಾಕಿಸಿ ಈ ಪುಟ ನೋಡಿಯೇ ದುಡ್ಡು ಕೊಡಿ. ಸ್ಟಿಕ್ಕರ್ ಅಂಟಿಸುವುದು ಸುಲಭ, ಎಸ್‌ಪಿಡಿ ತಿದ್ದುವ ತಾಪತ್ರಯ ಯಾರೂ ಅಷ್ಟಾಗಿ ಪಡುವುದಿಲ್ಲ.

ಎರಡನೆಯ ಸ್ಲಾಟ್ ಇದೆಯೇ? ಟಾಸ್ಕ್ ಮ್ಯಾನೇಜರ್ ‘1 ಆಫ್ 2’ ಎಂದಿತು. ಇದು ಬಯಾಸಿನ ಪಟ್ಟಿಯಿಂದ ಬಂದ ಮಾತು, ತೆರೆದು ನೋಡುವ ತನಕ ಪೂರ್ತಿ ನಂಬಬೇಡಿ. ಡಿಎಂಐಡಿಕೋಡ್ ಓಡಿಸಿದರೆ ಎಷ್ಟೋ ಬೋರ್ಡುಗಳಲ್ಲಿ ಸೀರಿಯಲ್ ನಂಬರಿನ ಎದುರು ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’ ಎಂದೇ ಇರುತ್ತದೆ. ತುಂಬಬೇಕಾದವರು ತುಂಬದೆ ಕಾರ್ಖಾನೆಯಿಂದ ಹೊರಗೆ ಬಿಟ್ಟ ಅರ್ಜಿ ಫಾರಂ ಅದು. ಅಂಥ ಪಟ್ಟಿಯಿಂದ ಸ್ಲಾಟುಗಳ ಎಣಿಕೆ ಕೇಳುತ್ತಿದ್ದೇವೆ ಎಂಬುದು ನೆನಪಿರಲಿ.

ಇಲ್ಲಿ ಎರಡನೆಯ ಸ್ಲಾಟ್ ನಿಜಕ್ಕೂ ಖಾಲಿ ಇತ್ತು. ಸೇರಿಸಿದ್ದು 8 ಜಿಬಿ, ಡಿಡಿಆರ್4-2666, 260 ಪಿನ್ನಿನ ಎಸ್ಒಡಿಮ್, 1.2 ವೋಲ್ಟ್. ಈ ಪ್ರೊಸೆಸರಿನ ಮೆಮೊರಿ ಮಿತಿ 2400, ಹಾಗಾಗಿ 2666ರದ್ದೂ 2400ಕ್ಕೇ ಓಡುತ್ತದೆ. ಹೆಚ್ಚು ವೇಗದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಮುಟ್ಟುವ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿಡಿ, ಯಂತ್ರ ಆಫ್ ಆಗಿದ್ದರೂ ಸ್ಲಾಟಿನಲ್ಲಿ ವೋಲ್ಟೇಜ್ ಇರಬಹುದು.

ಮೊದಲ ಬೂಟಿನಲ್ಲಿ ಮತ್ತೆ 8 ಜಿಬಿಯೇ ತೋರಿಸಿತು. ಸ್ಟಿಕ್ ಪೂರ್ತಿ ಕೂತಿರಲಿಲ್ಲ. ಓರೆಯಾಗಿ ಹಿಡಿದು ಚಿನ್ನದ ಬಣ್ಣದ ಅಂಚು ಬಹುತೇಕ ಮರೆಯಾಗುವ ತನಕ ಒಳಗೆ ತಳ್ಳಬೇಕು. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ಪು ‘ಕಟ್’ ಎನ್ನುತ್ತವೆ. ಕ್ಲಿಪ್ ಬಿದ್ದಿದೆ ಎಂಬುದೊಂದೇ ಸಾಲದು, ಅರ್ಧ ಕೂತರೂ ಒಮ್ಮೊಮ್ಮೆ ಬೀಳುತ್ತದೆ. ಮತ್ತೆ ಕೂರಿಸಿದ ಮೇಲೆ 16 ಜಿಬಿ, ಚಾನೆಲ್ ‘ಡ್ಯುಯಲ್’. ಗ್ರಾಫಿಕ್ಸ್ ಕೂಡ ಇದೇ ರ್‍ಯಾಮ್ ಹಂಚಿಕೊಳ್ಳುವುದರಿಂದ ಡ್ಯುಯಲ್ ಆದದ್ದರ ಲಾಭ ವಿಡಿಯೋದಲ್ಲೂ ಕಾಣುತ್ತದೆ.

ರಾತ್ರಿಯಿಡೀ ಮೆಮ್‌ಟೆಸ್ಟ್86+. ಒಂದೇ ಒಂದು ತಪ್ಪು ಬಂದರೂ ಪಾಸಲ್ಲ. ಬಂದರೆ ಒಂದೊಂದೇ ಸ್ಟಿಕ್ ಹಾಕಿ, ಸ್ಲಾಟ್ ಅದಲುಬದಲು ಮಾಡಿ ಓಡಿಸಿ: ತಪ್ಪು ಸ್ಟಿಕ್ಕಿನ ಜೊತೆ ಹೋದರೆ ಸ್ಟಿಕ್ ಕೆಟ್ಟಿದೆ, ಸ್ಲಾಟಿನಲ್ಲೇ ಉಳಿದರೆ ಬೋರ್ಡ್. ಕಾಂಟ್ಯಾಕ್ಟನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ವಾಡಿಕೆ. ಕೆಲಸವಾಗುತ್ತದೆ, ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ರಗಳೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯೇ ವಾಸಿ. ಇಲ್ಲಿ ಬೆಳಗ್ಗೆ ಸೊನ್ನೆ ತಪ್ಪು.

ಎಸ್‌ಎಸ್‌ಡಿ

500 ಜಿಬಿಯ ಎಂ.2 2280, ಎನ್‌ವಿಎಂಇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಟ್ರಾನ್ಸ್‌ಫರ್ ಮೋಡ್: ‘ಪಿಸಿಐಇ 3.0 x2 | ಪಿಸಿಐಇ 3.0 x4’. ಎಡಗಡೆಯದು ಈಗ ಸಿಕ್ಕಿರುವುದು, ಬಲಗಡೆಯದು ಎಸ್‌ಎಸ್‌ಡಿಗೆ ಸಾಧ್ಯವಿರುವುದು. ಸ್ಲಾಟಿಗೆ ಎರಡೇ ಲೇನ್ (ಡೇಟಾ ಸಾಗುವ ದಾರಿ) ಇರುವುದರಿಂದ ಓದುವ ವೇಗ ಸೆಕೆಂಡಿಗೆ 1,650 ಎಂಬಿ ಹತ್ತಿರ ನಿಂತಿತು. ಡಬ್ಬದ ಮೇಲೆ ಬರೆದ 3,500 ಈ ಯಂತ್ರದಲ್ಲಿ ಬರುವುದಿಲ್ಲ, ಮರಳಿಸುವ ಕಾರಣವೂ ಇಲ್ಲ.

ಹಾಕಿದ ದಿನವೇ ಪವರ್-ಆನ್ ಅವರ್ಸ್, ಡೇಟಾ ಯೂನಿಟ್ಸ್ ರಿಟನ್ ಎರಡನ್ನೂ ಬರೆದಿಟ್ಟುಕೊಳ್ಳಿ. ಒಂದು ಯೂನಿಟ್ ಎಂದರೆ 5,12,000 ಬೈಟ್. ವಿಂಡೋಸ್ ಹಾಕಿದ ಮೇಲೆ ಇಲ್ಲಿ 41,500 ಯೂನಿಟ್, ಅಂದರೆ ಸುಮಾರು 21 ಜಿಬಿ. ಹೊಸದಕ್ಕೆ ಸರಿಯಾದ ಲೆಕ್ಕ. ‘ಹೊಸದು’ ಎಂದು ಕೊಂಡದ್ದು ಟೆರಾಬೈಟುಗಟ್ಟಲೆ ಬರೆದದ್ದಾಗಿ ತೋರಿಸಿದರೆ ಅದು ಹೊಸದಲ್ಲ. ಆದರೆ ಗಾತ್ರ, ಮಾಡೆಲ್ ಹೆಸರು ಎರಡನ್ನೂ ಹೇಳುವುದು ಒಳಗಿನ ಫರ್ಮ್‌ವೇರ್. ನಕಲಿ ಮಾಲು ಇಲ್ಲಿ ಸಲೀಸಾಗಿ ಸುಳ್ಳು ಹೇಳುತ್ತದೆ. ಬೆಲೆ ನೋಡಿ ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಲಿನಕ್ಸಿನ ಎಫ್3 ಓಡಿಸಿ ಕಂಠಪೂರ್ತಿ ಬರೆದು ಓದಿಸಿ. ಗಾತ್ರದ ಸಾಕ್ಷಿ ಸಿಗುವುದು ಹಾಗೆ ಮಾತ್ರ.

ವೇಗ ಬಂತು, ಬಿಸಿಯೂ ಬಂತು

798ರಲ್ಲಿ ಕೂತಿದ್ದಾಗ ಯಾವ ಬಿಸಿಯೂ ಇರಲಿಲ್ಲ. ಚಾರ್ಜರ್ ಸರಿಹೋದ ಮೇಲೆ ಅದೇ 7-ಜಿಪ್ ಪರೀಕ್ಷೆಯಲ್ಲಿ 20 ಸೆಕೆಂಡಿಗೆ 98 ಡಿಗ್ರಿ, ‘ಕೋರ್ ಥರ್ಮಲ್ ಥ್ರಾಟ್ಲಿಂಗ್’ ಎದುರು ‘ಯೆಸ್’, ಪ್ಯಾಕೇಜ್ ಪವರ್ (ಪ್ರೊಸೆಸರ್ ಬಳಸುವ ವಿದ್ಯುತ್) 15 ವ್ಯಾಟ್ ಇರಬೇಕಾದದ್ದು 10ಕ್ಕೆ ಕುಸಿತ. ಒಂದು ರೋಗ ಇನ್ನೊಂದನ್ನು ಮುಚ್ಚಿಟ್ಟಿತ್ತು.

ತೆರೆದರೆ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಹೊರಗಿನಿಂದ ಬ್ಲೋಯರ್ ಹಿಡಿದರೆ ಇದು ಹೋಗುವುದಿಲ್ಲ, ಫ್ಯಾನ್ ಬಿಚ್ಚಿ ಚಿಮುಟದಿಂದ ಎಳೆಯಬೇಕು. ಗಾಳಿ ಹಾಕುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ಹಿಡಿದುಕೊಳ್ಳಿ, ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹಾಳು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಕೆತ್ತಿರುತ್ತದೆ. ಬಿಗಿಯುವಾಗ ಅದೇ ಕ್ರಮ, ಬಿಚ್ಚುವಾಗ ಉಲ್ಟಾ, ಎರಡರಲ್ಲೂ ಸ್ವಲ್ಪ ಸ್ವಲ್ಪವೇ. ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ, ಈಗ ಗಟ್ಟಿಯಾದ ಹಳೆಯ ಪೇಸ್ಟನ್ನು ಐಸೊಪ್ರೊಪೈಲಿನಿಂದ ಒರೆಸಿ, ಹೊಸದನ್ನು ಡೈ (ಪ್ರೊಸೆಸರಿನ ಹೊಳೆಯುವ ಚಿಪ್ಪು) ಉದ್ದಕ್ಕೆ ಎರಡು ಅಕ್ಕಿಕಾಳಿನಷ್ಟು ಹಾಕಿದರೆ ಸಾಕು.

ಮತ್ತೆ ಅದೇ ಪರೀಕ್ಷೆ, ಈ ಸಲ 10 ನಿಮಿಷ. ಶುರುವಿಗೆ ಮುಂಚೆ ಎಚ್‌ಡಬ್ಲ್ಯುಇನ್ಫೋದ ಕೆಳಗಿರುವ ಗಡಿಯಾರದ ಗುಂಡಿ ಒತ್ತಿ ಹಳೆಯ ಗರಿಷ್ಠ ಅಂಕಿಗಳನ್ನು ಅಳಿಸಿ, ಇಲ್ಲವಾದರೆ ನಿನ್ನೆಯ 98 ಇಂದೂ ಹೆದರಿಸುತ್ತದೆ. ಫಲ: 15 ವ್ಯಾಟ್ ಸ್ಥಿರ, 2.4 ಗಿಗಾಹರ್ಟ್ಸ್, 76 ಡಿಗ್ರಿ, ಥರ್ಮಲ್ ‘ನೋ’. ‘ಪವರ್ ಲಿಮಿಟ್ ಎಕ್ಸೀಡೆಡ್’ ಎದುರು ಮಾತ್ರ ಇನ್ನೂ ಕೆಂಪು ‘ಯೆಸ್’ ಇದೆ. ಇರಲಿ. 15 ವ್ಯಾಟಿನ ಪ್ರೊಸೆಸರ್ ತನ್ನ 15 ವ್ಯಾಟ್ ಮುಟ್ಟಿ ನಿಂತಿದೆ ಎಂದಷ್ಟೇ ಅದರ ಅರ್ಥ.

ಬ್ಯಾಟರಿ

‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ವಿಂಡೋಸಿನದ್ದೇ. ಯಾವ ಫೋಲ್ಡರಿನಲ್ಲಿ ಕಮಾಂಡ್ ಕೊಟ್ಟಿರೋ ಅಲ್ಲೇ ಫೈಲ್ ಬಂದು ಕೂರುತ್ತದೆ. ವಿನ್ಯಾಸದ ಸಾಮರ್ಥ್ಯ 42,000 ಮಿಲಿವ್ಯಾಟ್-ಅವರ್, ಪೂರ್ತಿ ಚಾರ್ಜಿನದು 23,900. ಶೇ. 57 ಮಾತ್ರ ಉಳಿದಿದೆ ಎಂದು ಕೂಡಲೇ ಹೊಸ ಬ್ಯಾಟರಿ ತರಿಸುವ ಅಗತ್ಯವಿರಲಿಲ್ಲ. ಗುರುತು ಸಿಗದ ಚಾರ್ಜರಿನಿಂದಾಗಿ ಈ ಬ್ಯಾಟರಿ ಬಹಳ ದಿನ ಪೂರ್ತಿ ತುಂಬಿರಲೇ ಇಲ್ಲ, ಒಳಗಿನ ಚಿಪ್ಪಿನ ಅಂದಾಜು ಹಳಸಿರುತ್ತದೆ. ಒಮ್ಮೆ ಪೂರ್ತಿ ತುಂಬಿಸಿ, ತಾನಾಗಿ ಆಫ್ ಆಗುವ ತನಕ ಇಳಿಸಿ, ಮತ್ತೆ ತುಂಬಿಸಿ ರಿಪೋರ್ಟ್ ತೆಗೆದಾಗ 27,300, ಶೇ. 65. ಬ್ಯಾಟರಿ ಉಬ್ಬಿಲ್ಲ, ಟಚ್‌ಪ್ಯಾಡ್ ಮೇಲೆದ್ದಿಲ್ಲ. ಸದ್ಯಕ್ಕೆ ಹಾಗೇ ಬಿಟ್ಟಿದೆ.

ಕೊನೆಗೆ ಎಚ್‌ಡಬ್ಲ್ಯುಇನ್ಫೋದ ಪೂರ್ತಿ ರಿಪೋರ್ಟ್, ಸಿಪಿಯು-ಝಡ್‌ನ ಟೆಕ್ಸ್ಟ್ ಫೈಲ್, ಎಸ್‌ಎಸ್‌ಡಿಯ ಮೊದಲ ದಿನದ ಅಂಕಿ, ಬ್ಯಾಟರಿ ರಿಪೋರ್ಟ್ ನಾಲ್ಕನ್ನೂ ದಿನಾಂಕದ ಹೆಸರಿನ ಫೋಲ್ಡರಿಗೆ ಹಾಕಿ ಅದರ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಡಲಾಗಿದೆ. ಹಳೆಯ ಹಾರ್ಡ್ ಡಿಸ್ಕಿಗೆ ಅದರ ಸಿ5 ಅಂಕಿಯನ್ನೂ ‘ಬಳಸಬೇಡಿ’ ಎಂಬ ಮಾತನ್ನೂ ಬರೆದ ಟೇಪ್ ಅಂಟಿಸಿದೆ. ಇಲ್ಲವಾದರೆ ಮುಂದಿನ ತಿಂಗಳು ಯಾರಾದರೂ ಅದನ್ನೇ ಬ್ಯಾಕಪ್ಪಿಗೆ ಹಾಕಿಕೊಂಡಿರುತ್ತಾರೆ.